ಕಾಗದ ಇಲ್ಲದವರ ಊರು

ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ, ಹೀಗೆ ಮೂರು ಕಡೆ ಪಂಪ್ ಮಾಡಿ ಅದನ್ನು ಮುನ್ನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸಬೇಕು. 1974ರಲ್ಲಿ ಮೊದಲ ಹಂತ ಮುಗಿದಾಗಿನಿಂದ ಎಂಜಿನಿಯರುಗಳು ಈ ಏರನ್ನು ಗೆಲ್ಲುತ್ತಲೇ ಬಂದಿದ್ದಾರೆ. ಆದರೆ ಮುಖ್ಯರಸ್ತೆಯ ಕೊಳವೆಯಿಂದ ಕೊಳೆಗೇರಿಯ ಗಲ್ಲಿಯೊಳಗಿನ ಮನೆಗೆ ತಲುಪುವ ಕೊನೆಯ ಕೆಲವು ಅಡಿಗಳನ್ನು ದಾಟಲು ಆ ನೀರಿಗೆ ದಶಕಗಳೇ ಬೇಕಾದವು. ಅಲ್ಲಿ ಅಡ್ಡ ಬಂದದ್ದು ಒಂದು ಕಾಗದ. ನಲ್ಲಿ ಸಂಪರ್ಕ ಬೇಕೆಂದವರು ತಾವಿರುವ ಜಾಗ ತಮ್ಮದೇ ಎಂದು ತೋರಿಸುವ ದಾಖಲೆ ತರಬೇಕಿತ್ತು. ಕೊಳೆಗೇರಿಯಲ್ಲಿ ಹುಟ್ಟಿ, ಅಲ್ಲೇ ಮಕ್ಕಳ ಮದುವೆ ಮಾಡಿದವರ ಬಳಿಯೂ ಅದು ಇರಲಿಲ್ಲ.

ಅವರೇನೂ ನೀರಿಲ್ಲದೆ ಬದುಕಲಿಲ್ಲ. ಬೀದಿ ನಲ್ಲಿ, ಕೊಳವೆಬಾವಿ, ಖಾಸಗಿ ಟ್ಯಾಂಕರ್ ಹೀಗೆ ಸಿಕ್ಕ ಕಡೆಯಿಂದ ಹೊತ್ತು ತಂದರು. ಬಿಂದಿಗೆ ಲೆಕ್ಕದಲ್ಲಿ ನೀರು ಕೊಳ್ಳುವ ಮನೆಯವರು ಲೀಟರಿಗೆ ಕೊಡುವ ದುಡ್ಡು, ಮೀಟರ್ ಹಾಕಿಸಿಕೊಂಡ ಬಡಾವಣೆಯವರು ಕೊಡುವುದಕ್ಕಿಂತ ಹೆಚ್ಚು. ಅದರ ಮೇಲೆ ಕಾಯುವ ಹೊತ್ತು ಬೇರೆ. ನೀರು ಬಿಡುವ ದಿನ ಕೂಲಿ ಬಿಟ್ಟು ಮನೆಯಲ್ಲೇ ಉಳಿಯುವ ತಾಯಿ, ಶಾಲೆಗೆ ತಡವಾಗಿ ಓಡುವ ಮಗಳು, ಇವರ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

2000ದ ಆಸುಪಾಸಿನಲ್ಲಿ ಬೆಂಗಳೂರು ಜಲಮಂಡಳಿ ಒಂದು ನಿಯಮವನ್ನು ಸಡಿಲಿಸಿತು. ಆಸ್ಟ್ರೇಲಿಯಾ ಸರ್ಕಾರದ ನೆರವಿನ ಯೋಜನೆಯೊಂದರ ಭಾಗವಾಗಿ ಸುದಾಮನಗರ, ಚಂದ್ರಾನಗರದಂಥ ಕೆಲವು ಕೊಳೆಗೇರಿಗಳಲ್ಲಿ ಪ್ರಯೋಗ ನಡೆಯಿತು. ಜಾಗದ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಮಂಡಳಿ ಬದಿಗಿಟ್ಟಿತು. ಆ ಮನೆಯಲ್ಲಿ ವಾಸ ಇದ್ದೀರಿ ಎನ್ನುವುದಕ್ಕೆ ರೇಷನ್ ಕಾರ್ಡ್, ಮತದಾರರ ಗುರುತಿನ ಚೀಟಿ ಅಥವಾ ಕರೆಂಟ್ ಬಿಲ್ ತೋರಿಸಿದರೆ ಸಾಕೆಂದಿತು. ಸಂಪರ್ಕ ಶುಲ್ಕವನ್ನೂ ಇಳಿಸಿತು. ಜನರೊಡನೆ ಕೂತು ಮಾತಾಡಲು ಸಾಮಾಜಿಕ ಅಭಿವೃದ್ಧಿ ಘಟಕವನ್ನು ತೆರೆಯಿತು. ನೀರು ಕೊಟ್ಟರೆ ಒತ್ತುವರಿಗೆ ಮುದ್ರೆ ಒತ್ತಿದಂತಾಗುತ್ತದೆ ಎಂಬ ಹಳೆಯ ಭಯಕ್ಕೆ ಉತ್ತರವೂ ಸರಳವಾಗಿತ್ತು: ನೀರಿನ ಬಿಲ್ಲು ನೀರಿಗೆ ಮಾತ್ರ, ಅದರಿಂದ ನೆಲದ ಹಕ್ಕು ಬರುವುದಿಲ್ಲ. ಬೀದಿ ನಲ್ಲಿಯಲ್ಲಿ ಲೆಕ್ಕವಿಲ್ಲದೆ ಹರಿದುಹೋಗುತ್ತಿದ್ದ ನೀರಿಗೆ ಮೀಟರ್ ಬಂತು, ಮಂಡಳಿಗೂ ದುಡ್ಡು ಬಂತು. ಆ ಪ್ರಯೋಗ ತಲುಪಿದ್ದು ನಗರದ ಕೊಳೆಗೇರಿಗಳಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ. ಹಾಗಿದ್ದೂ ಅದು ದೊಡ್ಡ ಸಂಗತಿಯೊಂದನ್ನು ತೋರಿಸಿಕೊಟ್ಟಿತು. ಬಡವರನ್ನು ನಗರದ ಹೊರಗಿಡುವುದು ಬಹಳ ಸಲ ಹಣದ ಕೊರತೆಯಲ್ಲ, ನಾವು ಕೇಳುವ ದಾಖಲೆ. ಅದನ್ನು ಬದಲಿಸಲು ಒಂದು ಸುತ್ತೋಲೆ ಸಾಕು.

ನಗರಾಭಿವೃದ್ಧಿ ಎಲ್ಲರನ್ನೂ ಒಳಗೊಳ್ಳಬೇಕು ಎಂಬ ಮಾತು ಈಗ ಪ್ರತಿಯೊಂದು ಯೋಜನಾ ವರದಿಯಲ್ಲೂ ಇದೆ. ಆದರೆ ಒಳಗೊಳ್ಳುವುದು ಎಲ್ಲಿಂದ ಶುರುವಾಗಬೇಕು ಎನ್ನುವಲ್ಲಿ ಎರಡು ದಾರಿಗಳಿವೆ. ಬಡವರಿಗೆ ಬೇರೆಲ್ಲೋ ಮನೆ ಕಟ್ಟಿ ಅಲ್ಲಿಗೆ ಸಾಗಿಸುವುದು ಒಂದು. ಅವರು ಈಗಾಗಲೇ ಇರುವಲ್ಲೇ, ಮಾಡುತ್ತಿರುವ ಕೆಲಸದಲ್ಲೇ ಅವರನ್ನು ನಗರದ ಲೆಕ್ಕಕ್ಕೆ ತಂದು, ಅಲ್ಲಿಂದ ಮುಂದಿನದನ್ನು ಕಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಹೆಚ್ಚು, ಫಲ ಕಡಿಮೆ. ಎರಡನೆಯದು ಎಲ್ಲೆಲ್ಲಿ ನಿಜವಾಗಿ ನಡೆದಿದೆಯೋ ಅಲ್ಲೆಲ್ಲ ಅಗ್ಗವಾಗಿಯೂ ಬೇಗವಾಗಿಯೂ ಕೆಲಸ ಮಾಡಿದೆ.

ಲೆಕ್ಕದ ಗಾತ್ರವನ್ನು ಒಮ್ಮೆ ನೋಡಬೇಕು. 2011ರ ಜನಗಣತಿಯ ಪ್ರಕಾರ ದೇಶದ ಕೊಳೆಗೇರಿಗಳಲ್ಲಿದ್ದವರು ಸುಮಾರು 6.5 ಕೋಟಿ, ಕರ್ನಾಟಕದಲ್ಲಿ ಸುಮಾರು 33 ಲಕ್ಷ. ದೇಶದ ನಗರವಾಸಿಗಳಲ್ಲಿ ಪರಿಶಿಷ್ಟ ಜಾತಿಯವರು ಶೇ 13ರ ಆಸುಪಾಸು ಇದ್ದರೆ, ಕೊಳೆಗೇರಿಗಳಲ್ಲಿ ಅವರ ಪಾಲು ಶೇ 20. ಹಳ್ಳಿಯ ಹೊರಗಿನ ಕೇರಿ ನಗರಕ್ಕೆ ಬಂದ ಮೇಲೂ ಕೇರಿಯಾಗಿಯೇ ಉಳಿದಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮರುವರ್ಷ, 2012ರಲ್ಲಿ, ಕೇಂದ್ರ ಸರ್ಕಾರದ ತಾಂತ್ರಿಕ ತಂಡವೊಂದು ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ ಎಂದು ಅಂದಾಜು ಮಾಡಿತು. ಅದರಲ್ಲಿ ಶೇ 96ರಷ್ಟು ಕೊರತೆ ಬಡವರದು ಮತ್ತು ಕಡಿಮೆ ಆದಾಯದವರದು. ಆದರೆ ಅದೇ 2011ರ ಗಣತಿ ನಗರಗಳಲ್ಲಿ 1.11 ಕೋಟಿ ಮನೆಗಳು ಖಾಲಿ ಬಿದ್ದಿರುವುದನ್ನೂ ದಾಖಲಿಸಿತ್ತು. ದೇಶ ಮನೆ ಕಟ್ಟುತ್ತಿದೆ. ಬೇಕಾದವರಿಗೆ, ಬೇಕಾದ ಕಡೆ, ಕೊಡಲಾಗುವ ಬೆಲೆಗೆ ಕಟ್ಟುತ್ತಿಲ್ಲ.

ಈ ಅಂತರ ಹೇಗೆ ಹುಟ್ಟುತ್ತದೆ ಎನ್ನುವುದನ್ನು ಬೆಂಗಳೂರಿನ ಈಜಿಪುರ ನೋಡಿದವರು ಮರೆಯಲಾರರು. ಕೋರಮಂಗಲಕ್ಕೆ ಅಂಟಿಕೊಂಡ ಆ ಜಾಗದಲ್ಲಿ ಆಗಿನ ಮಹಾನಗರ ಪಾಲಿಕೆ ಆರ್ಥಿಕವಾಗಿ ಹಿಂದುಳಿದವರಿಗಾಗಿ ಸುಮಾರು 1,500 ಮನೆಗಳ ವಸತಿಗೃಹಗಳನ್ನು ಕಟ್ಟಿಸಿತ್ತು. ಕಾಮಗಾರಿ ಕಳಪೆ. ಹತ್ತು-ಹದಿನೈದು ವರ್ಷಗಳಲ್ಲೇ ಗೋಡೆಗಳು ಬಿರುಕು ಬಿಟ್ಟವು, 2007ರಲ್ಲಿ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ನಿವಾಸಿಗಳು ಅಲ್ಲೇ ತಗಡಿನ ಶೆಡ್‌ಗಳಲ್ಲಿ ಉಳಿದರು. ಪಾಲಿಕೆ ಖಾಸಗಿ ಸಹಭಾಗಿತ್ವದ ಒಪ್ಪಂದ ಮಾಡಿಕೊಂಡಿತು: ಜಾಗದ ಒಂದು ಭಾಗದಲ್ಲಿ ಬಡವರಿಗೆ ಹೊಸ ಮನೆ, ಉಳಿದದ್ದರಲ್ಲಿ ವಾಣಿಜ್ಯ ಸಂಕೀರ್ಣ. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಜೆಸಿಬಿಗಳು ಬಂದವು. ಕೆಲವೇ ದಿನಗಳಲ್ಲಿ ಸುಮಾರು 1,500 ಕುಟುಂಬಗಳ ಶೆಡ್‌ಗಳು ನೆಲಸಮವಾದವು. ಚಳಿಗಾಲದಲ್ಲಿ ಹೆಂಗಸರು, ಮಕ್ಕಳು, ಮುದುಕರು ಫುಟ್‌ಪಾತಿನ ಮೇಲೆ ಉಳಿದರು.

ಅಲ್ಲಿಯೂ ವಾದ ನಿಂತದ್ದು ಕಾಗದದ ಮೇಲೆ. ಮನೆ ಹಂಚಿಕೆಯಾದ ಮೂಲ ಕುಟುಂಬಗಳಿಗೆ ಮಾತ್ರ ಹಕ್ಕಿದೆ, ಉಳಿದವರು ಬಾಡಿಗೆಗೆ ಬಂದವರು ಎಂಬುದು ಆಡಳಿತದ ನಿಲುವು. ಬಡವರ ವಸತಿಯಲ್ಲಿ ಬಾಡಿಗೆಗೆ ಇರುವವರು ಸಾಮಾನ್ಯವಾಗಿ ಹಂಚಿಕೆ ಪಡೆದವರಿಗಿಂತಲೂ ಬಡವರು, ಅಥವಾ ಊರಿಗೆ ಹೊಸಬರು. ಅವರನ್ನು ಪಟ್ಟಿಯಿಂದ ಬಿಟ್ಟರೆ ಯೋಜನೆ ಯಾರಿಗಾಗಿ ಎಂಬ ಪ್ರಶ್ನೆಗೇ ಉತ್ತರ ಉಳಿಯುವುದಿಲ್ಲ.

ಒಂದಷ್ಟು ಕುಟುಂಬಗಳು ನಗರದಂಚಿನ ಸುಲಿಕುಂಟೆಯ ಕಡೆ ಹೋಗಬೇಕಾಯಿತು. ಕೋರಮಂಗಲದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಹೆಂಗಸಿಗೆ ಆ ಮನೆಗಳು ನಡೆದು ಹೋಗುವ ದೂರದಲ್ಲಿದ್ದರೆ ಮಾತ್ರ ಆ ಕೆಲಸ ಕೆಲಸ. ಬೆಳಿಗ್ಗೆ ಆರಕ್ಕೆ ಒಂದು ಮನೆ, ಎಂಟಕ್ಕೆ ಇನ್ನೊಂದು, ನಡುವೆ ಮಗುವನ್ನು ಅಂಗನವಾಡಿಗೆ ಬಿಡಬೇಕು. ಇಪ್ಪತ್ತು ಕಿಲೋಮೀಟರ್ ದೂರಕ್ಕೆ ಸಾಗಿಸಿದರೆ ಅವಳ ದಿನದ ಲೆಕ್ಕವೇ ತಪ್ಪುತ್ತದೆ. ಚೆನ್ನೈ ನಗರ ಕಣ್ಣಗಿ ನಗರ್, ಪೆರುಂಬಾಕ್ಕಂಗಳಲ್ಲಿ ಸಾವಿರಾರು ಮನೆಗಳನ್ನು ಕಟ್ಟಿ ಕೂವಂ, ಅಡ್ಯಾರ್ ದಂಡೆಗಳ ಬಡವರನ್ನು ಅಲ್ಲಿಗೆ ಕಳಿಸಿತು. ಗೋಡೆ ಗಟ್ಟಿ, ಸೂರು ಗಟ್ಟಿ. ಆದರೆ ಹೋದವರಲ್ಲಿ ಅನೇಕರು ಕೆಲಸ ಕಳೆದುಕೊಂಡರು, ಮಕ್ಕಳು ಹಳೆಯ ಶಾಲೆ ಬಿಟ್ಟರು. ಬಡವರ ಮಟ್ಟಿಗೆ ಮನೆ ಎಂದರೆ ಕೆಲಸ, ಶಾಲೆ, ಆಸ್ಪತ್ರೆ, ಸಾಲ ಕೊಡುವ ಕಿರಾಣಿ ಅಂಗಡಿ, ಕಷ್ಟಕ್ಕೆ ಆಗುವ ಪಕ್ಕದ ಮನೆ ಇವೆಲ್ಲ ಸೇರಿದ ಒಂದು ನೆಲೆ. ನಾಲ್ಕು ಗೋಡೆಯನ್ನಷ್ಟೇ ಕೊಟ್ಟು ಉಳಿದದ್ದನ್ನು ಕಿತ್ತುಕೊಂಡರೆ ಬಡತನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಕರ್ನಾಟಕದಲ್ಲಿ 1973ರ ಕೊಳಚೆ ಪ್ರದೇಶಗಳ ಕಾಯ್ದೆ ಇದೆ. ಅದರ ಮೂರನೆಯ ಸೆಕ್ಷನ್ ಪ್ರಕಾರ ಒಂದು ಪ್ರದೇಶವನ್ನು ಕೊಳಚೆ ಪ್ರದೇಶವೆಂದು ಘೋಷಿಸಿದರೆ ಅಲ್ಲಿಗೆ ಕೊಳೆಗೇರಿ ಅಭಿವೃದ್ಧಿ ಮಂಡಳಿಯ ರಸ್ತೆ, ಚರಂಡಿ, ಶೌಚಾಲಯ ಬರಬಹುದು, ಮುಂದೆ ಹಕ್ಕುಪತ್ರದ ಮಾತೂ ಬರಬಹುದು. ಘೋಷಣೆಯಾಗದಿದ್ದರೆ ಇವೆಲ್ಲಕ್ಕೂ ಬಾಗಿಲು ಮುಚ್ಚಿದಂತೆಯೇ. ಹೊಸ ಕೊಳೆಗೇರಿಗಳು ಬಹುತೇಕ ಈ ಎರಡನೆಯ ಗುಂಪಿನವು. ಮಾರತಹಳ್ಳಿ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಖಾಲಿ ನಿವೇಶನಗಳಲ್ಲಿ ನೀಲಿ ಶೀಟು ಹೊದ್ದ ಗುಡಿಸಲುಗಳ ಸಾಲು ಕಾಣುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳಗಳಿಂದ ಗಾರೆ ಕೆಲಸಕ್ಕೆ ಬಂದವರು, ಅಸ್ಸಾಂ, ಬಂಗಾಳ, ಬಿಹಾರದಿಂದ ಬಂದವರು ಅಲ್ಲಿದ್ದಾರೆ. ನೆಲದ ಮಾಲೀಕನಿಗೆ ತಿಂಗಳು ತಿಂಗಳು ಬಾಡಿಗೆ ಕೊಡುತ್ತಾರೆ, ಆದರೆ ರಸೀದಿ ಸಿಗುವುದಿಲ್ಲ.

2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಅಂಥ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶೀಯರು ಎಂಬ ವಿಡಿಯೊ ಒಂದು ಹರಿದಾಡಿತ್ತು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೇ ಇದ್ದರು, ಆಧಾರ್, ಮತದಾರರ ಚೀಟಿ ಹಿಡಿದು ನಿಂತಿದ್ದರು. ಪ್ರಕರಣ ಹೈಕೋರ್ಟಿಗೆ ಹೋಯಿತು. ಆ ಕ್ರಮ ಕಾನೂನಿಗೆ ವಿರುದ್ಧ ಎಂದು ಹೇಳಿದ ನ್ಯಾಯಾಲಯ, ನೆಲೆ ಕಳೆದುಕೊಂಡವರಿಗೆ ಪುನರ್ವಸತಿ ಕಲ್ಪಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಅದಾಗಿ ಕೆಲವೇ ತಿಂಗಳಿಗೆ ಕೊರೊನಾ ಲಾಕ್‌ಡೌನ್ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದು ಮಾಡಲು ಕೋರಿತು, ದೇಶದಾದ್ಯಂತ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಕಟ್ಟಡಗಳು ಏಳಲು ಆ ಕೈಗಳು ಬೇಕಿದ್ದವು. ಆ ಕೈಗಳವರು ಎಷ್ಟು ಮಂದಿ, ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಎಂಬುದು ಮಾತ್ರ ಯಾವ ಕಡತದಲ್ಲೂ ಇರಲಿಲ್ಲ.

ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ, ಮುಂಬೈ ಫುಟ್‌ಪಾತ್ ನಿವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಬುಲ್ಡೋಜರ್ ಪ್ರಕರಣಗಳ ತೀರ್ಪಿನಲ್ಲಿ, ಕಟ್ಟಡ ಕೆಡವುವ ಮುನ್ನ ಕನಿಷ್ಠ 15 ದಿನಗಳ ನೋಟಿಸ್ ಕೊಡಬೇಕೆಂದಿತು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಬದಿ, ಕೆರೆ-ನದಿಯ ಜಾಗದ ಒತ್ತುವರಿಗೆ ಆ ರಕ್ಷಣೆ ಅನ್ವಯಿಸುವುದಿಲ್ಲ. ನಗರದ ಕಡುಬಡವರು ಹೆಚ್ಚಾಗಿ ಇರುವುದು ಅಂಥ ಕಡೆಗಳಲ್ಲೇ. ನ್ಯಾಯಾಲಯ ಕೊಡಬಹುದಾದದ್ದು ಸ್ವಲ್ಪ ಸಮಯ. ನೆಲೆ ಕೊಡಬೇಕಾದದ್ದು ಆಡಳಿತ.

ಆಡಳಿತ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಹಮದಾಬಾದಿನ ಒಂದು ಹಳೆಯ ಕಾರ್ಯಕ್ರಮ ಒಳ್ಳೆಯ ಉದಾಹರಣೆ. ಎಂಜಿನಿಯರ್ ಹಿಮಾಂಶು ಪಾರಿಖ್ ಮೊದಲು ಇಂದೋರಿನಲ್ಲಿ ರೂಪಿಸಿದ ವಿಚಾರವನ್ನು 1990ರ ದಶಕದ ನಡುವಿನಲ್ಲಿ ಅಹಮದಾಬಾದ್ ಪಾಲಿಕೆ ಕೈಗೆತ್ತಿಕೊಂಡಿತು. ಕೊಳೆಗೇರಿಯನ್ನು ಎತ್ತಂಗಡಿ ಮಾಡದೆ, ಮನೆಮನೆಗೆ ನೀರು, ಒಳಚರಂಡಿ, ಶೌಚಾಲಯ, ಗಲ್ಲಿಗೆ ಕಲ್ಲುಹಾಸು, ಮಳೆನೀರಿನ ಕಾಲುವೆ, ಬೀದಿ ದೀಪ, ಕಸ ವಿಲೇವಾರಿ ಇವಿಷ್ಟನ್ನೂ ಒಟ್ಟಿಗೆ ಒದಗಿಸಿ, ನಗರದ ಮುಖ್ಯ ಜಾಲಕ್ಕೆ ಜೋಡಿಸುವುದು ಅದರ ಉದ್ದೇಶ. ಪ್ರತಿ ಕುಟುಂಬ ಸುಮಾರು ಎರಡು ಸಾವಿರ ರೂಪಾಯಿ ಹಾಕಬೇಕು, ಉಳಿದದ್ದು ಪಾಲಿಕೆ ಮತ್ತು ಇತರರದು. ದುಡಿಯುವ ಹೆಂಗಸರ ಸಂಘಟನೆಯಾದ ಸೇವಾ ಕಟ್ಟಿದ ಬ್ಯಾಂಕು ಆ ಹಣ ಕೂಡಿಸಲು ಸಾಲ, ಉಳಿತಾಯದ ನೆರವು ಕೊಟ್ಟಿತು.

ಇಡೀ ಕಾರ್ಯಕ್ರಮಕ್ಕೆ ಬಲ ತಂದದ್ದು ಪಾಲಿಕೆ ಕೊಟ್ಟ ಒಂದು ಭರವಸೆ: ಹತ್ತು ವರ್ಷ ಯಾರನ್ನೂ ಎಬ್ಬಿಸುವುದಿಲ್ಲ. ಹಕ್ಕುಪತ್ರವಿಲ್ಲ, ಮಾರಾಟದ ಹಕ್ಕಿಲ್ಲ, ಹತ್ತು ವರ್ಷದ ನಿಶ್ಚಿಂತೆ ಅಷ್ಟೇ. ನಾಳೆ ಜೆಸಿಬಿ ಬರುವುದಿಲ್ಲ ಎಂದು ಖಾತ್ರಿಯಾದ ಕೂಡಲೇ ಜನ ತಮ್ಮ ದುಡಿಮೆಯ ದುಡ್ಡನ್ನು ತಮ್ಮ ಮನೆಗೇ ಹಾಕತೊಡಗಿದರು. ತಗಡು ಹೋಗಿ ಇಟ್ಟಿಗೆ ಬಂತು, ಒಂದು ಕೋಣೆ ಎರಡಾಯಿತು. ಆದರೆ ಇದೇ ಅಹಮದಾಬಾದ್ ಮುಂದೆ ಸಾಬರಮತಿ ನದಿದಂಡೆಯ ಯೋಜನೆಗಾಗಿ ಸಾವಿರಾರು ಬಡ ಕುಟುಂಬಗಳನ್ನು ನಗರದ ಅಂಚಿಗೆ ಕಳಿಸಿತು ಎನ್ನುವುದನ್ನೂ ಜೊತೆಗೇ ನೆನಪಿಡಬೇಕು. ಒಳ್ಳೆಯ ಕಾರ್ಯಕ್ರಮ ಒಬ್ಬ ಆಯುಕ್ತರ ಅವಧಿಯ ಆಚೆಗೂ ಉಳಿಯಬೇಕಾದರೆ ಅದು ಕಾನೂನಿನಲ್ಲಿ ಬರೆದಿರಬೇಕು.

ಒಡಿಶಾ ಆ ಕೆಲಸ ಮಾಡಿತು. 2017ರಲ್ಲಿ ಕೊಳೆಗೇರಿ ನಿವಾಸಿಗಳಿಗೆ ನೆಲದ ಹಕ್ಕು ಕೊಡುವ ಕಾನೂನು ತಂದಿತು, 2018ರ ಮೇ ತಿಂಗಳಲ್ಲಿ ಜಗಾ ಮಿಷನ್ ಆರಂಭಿಸಿತು. ಕೊಳೆಗೇರಿಗಳ ಮೇಲೆ ಡ್ರೋನ್ ಹಾರಿಸಿ ನಕ್ಷೆ ತೆಗೆದರು. ಆ ನಕ್ಷೆಯನ್ನು ಗಲ್ಲಿಯ ಜನರ ಮುಂದೆ ಹರಡಿ, ಯಾರ ಮನೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅವರಿಂದಲೇ ಖಚಿತಪಡಿಸಿಕೊಂಡರು. ಸಣ್ಣ ಪಟ್ಟಣಗಳಲ್ಲಿ ಬಡ ಕುಟುಂಬಗಳಿಗೆ 30 ಚದರ ಮೀಟರ್‌ವರೆಗೆ ಉಚಿತವಾಗಿ ಹಕ್ಕು ಸಿಕ್ಕಿತು, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ. ಮಕ್ಕಳಿಗೆ ಬರುತ್ತದೆ, ಬ್ಯಾಂಕಿನಲ್ಲಿ ಅಡವಿಟ್ಟು ಮನೆಸಾಲ ಪಡೆಯಬಹುದು, ಮಾರುವಂತಿಲ್ಲ. ಮಾರುವಂತಿಲ್ಲ ಎಂಬ ಷರತ್ತು ಬಡವರ ನೆಲ ಕೈತಪ್ಪಿಹೋಗದಂತೆ ಕಾಯುತ್ತದೆ. ಅದರ ಜೊತೆಗೇ ಪ್ರತಿ ಕೊಳೆಗೇರಿಯಲ್ಲಿ ನಿವಾಸಿಗಳ ಸಂಘ ಕಟ್ಟಿ, ಸಣ್ಣ ಕಾಮಗಾರಿಗಳನ್ನು ಆ ಸಂಘಕ್ಕೇ ವಹಿಸಿದರು. ಗಲ್ಲಿಯ ಕಾಂಕ್ರೀಟು ಹಾಕಿದ ಕೂಲಿ ಆ ಗಲ್ಲಿಯಲ್ಲೇ ಉಳಿಯಿತು. ಭುವನೇಶ್ವರ, ಕಟಕ್‌ನಂಥ ದೊಡ್ಡ ನಗರಗಳು ಮೊದಲಿಗೆ ಈ ಕಾನೂನಿನ ಹೊರಗಿದ್ದವು. ನೆಲದ ಬೆಲೆ ಏರಿದಷ್ಟೂ ಅದನ್ನು ಬಡವರಿಗೆ ಬರೆದುಕೊಡುವ ಮನಸ್ಸು ಕುಗ್ಗುತ್ತದೆ ಎಂಬುದು ಒಡಿಶಾದಲ್ಲೂ ನಿಜವೇ.

ಕರ್ನಾಟಕಕ್ಕೆ ಇದು ಅಪರಿಚಿತ ವಿಚಾರವೇನಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಸಕ್ರಮ ಮಾಡಿಕೊಡುವ 94ಸಿ ಮತ್ತು 94ಸಿಸಿ ಅವಕಾಶ ನಮ್ಮ ಭೂಕಂದಾಯ ಕಾಯ್ದೆಯಲ್ಲೇ ಇದೆ. ಹಕ್ಕುಪತ್ರಕ್ಕಾಗಿ ಸ್ಲಂ ಜನಾಂದೋಲನದಂಥ ಸಂಘಟನೆಗಳು ವರ್ಷಗಳಿಂದ ಬೀದಿಗಿಳಿದಿವೆ. ಹಕ್ಕುಪತ್ರ ಯಾಕೆ ಅಷ್ಟು ಮುಖ್ಯ ಎನ್ನುವುದಕ್ಕೆ 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯನ್ನು ನೋಡಿದರೆ ಸಾಕು. ಅದರ ಅಡಿ ನಗರಗಳಲ್ಲಿ ಮಂಜೂರಾದ ಮನೆಗಳಲ್ಲಿ ಬಹುಪಾಲು, ಫಲಾನುಭವಿ ತನ್ನದೇ ಜಾಗದಲ್ಲಿ ತಾನೇ ಕಟ್ಟಿಕೊಳ್ಳುವಂಥವು. ಜಾಗ ಇದ್ದವರಿಗೆ ಅದು ನಿಜಕ್ಕೂ ಉಪಕಾರ ಮಾಡಿತು. ಜಾಗ ಇಲ್ಲದವರು, ಎಂದರೆ ಎಲ್ಲರಿಗಿಂತ ಹೆಚ್ಚು ಬೇಕಿದ್ದವರು, ಅರ್ಜಿಯ ಮೊದಲ ಪುಟದಲ್ಲೇ ಹೊರಗುಳಿದರು.

ವಸತಿಯಷ್ಟೇ ಮುಖ್ಯವಾದದ್ದು ಕೆಲಸ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಈ ದೇಶದ ನಗರಗಳಿಗೆ ಸಿಕ್ಕ ಒಳ್ಳೆಯ ಕಾನೂನುಗಳಲ್ಲಿ ಒಂದು. ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು, ನಗರದ ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. 2011ರ ಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಬೆಂಗಳೂರಿನ ಜನಸಂಖ್ಯೆ 84 ಲಕ್ಷ. ಶೇ 2.5ರ ಲೆಕ್ಕ ಎರಡು ಲಕ್ಷ ದಾಟುತ್ತದೆ. 2017ರ ಸಮೀಕ್ಷೆ ಗುರುತಿಸಿದ್ದು ಸುಮಾರು 25 ಸಾವಿರ ಮಂದಿಯನ್ನು. ತಲೆಯ ಮೇಲೆ ಬುಟ್ಟಿ ಹೊತ್ತು ಸೊಪ್ಪು ಮಾರುವಾಕೆ, ಸಂಜೆ ಮಾತ್ರ ತಳ್ಳುಗಾಡಿ ನಿಲ್ಲಿಸುವವರು, ಸಮೀಕ್ಷೆಯ ದಿನ ಊರಿಗೆ ಹೋಗಿದ್ದವರು ಇಂಥ ಎಣಿಕೆಗಳಲ್ಲಿ ಸುಲಭವಾಗಿ ತಪ್ಪಿಹೋಗುತ್ತಾರೆ. ಲೆಕ್ಕದಲ್ಲಿ ಇಲ್ಲದವರಿಗೆ 2020ರಲ್ಲಿ ಬಂದ ಸ್ವನಿಧಿ ಯೋಜನೆಯ ಸಾಲವೂ ಸುಲಭಕ್ಕೆ ಸಿಗುವುದಿಲ್ಲ, ಫುಟ್‌ಪಾತ್ ತೆರವಿನ ದಿನ ತೋರಿಸಲು ಕೈಯಲ್ಲಿ ಚೀಟಿಯೂ ಇರುವುದಿಲ್ಲ.

ಗುರುತಿನ ಒಂದು ಚೀಟಿ ಏನು ಮಾಡಬಲ್ಲದು ಎಂಬುದನ್ನು ಬೆಂಗಳೂರಿನ ಚಿಂದಿ ಆಯುವವರು ತೋರಿಸಿದ್ದಾರೆ. ಬೆಳಗಿನ ಜಾವ ಗೋಣಿಚೀಲ ಹೊತ್ತು ಹೊರಟವರನ್ನು ಕಳ್ಳರೆಂದು ಹಿಡಿಯುವುದು, ನಾಯಿ ಛೂ ಬಿಡುವುದು ಮಾಮೂಲಿಯಾಗಿತ್ತು. ಲೋಕ ಅದಾಲತ್ತಿನ ಸೂಚನೆಯ ಮೇರೆಗೆ 2011ರಿಂದ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡತೊಡಗಿತು. ಮರುವರ್ಷವೇ ನಗರಕ್ಕೆ ಕಸದ ಬಿಕ್ಕಟ್ಟು ಬಂತು. ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಿತು, ಮಂಡೂರಿನ ಜನ ಪ್ರತಿಭಟನೆಗೆ ಇಳಿದರು, ಬೀದಿ ಬೀದಿಯಲ್ಲಿ ರಾಶಿ ಬಿತ್ತು. ಹಸಿ ಕಸ, ಒಣ ಕಸ ಬೇರೆ ಮಾಡಲೇಬೇಕೆಂದು ಹೈಕೋರ್ಟ್ ಹೇಳಿತು. ಒಣ ಕಸವನ್ನು ವಿಂಗಡಿಸಿ ಮಾರುವ ವಿದ್ಯೆ ನಗರದಲ್ಲಿ ಯಾರಿಗಾದರೂ ಪೂರ್ತಿ ಗೊತ್ತಿದ್ದರೆ ಅದು ಚಿಂದಿ ಆಯುವವರಿಗೇ. ಹಸಿರು ದಳದಂಥ ಸಂಸ್ಥೆಗಳ ಜೊತೆಗೂಡಿ ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ಅವರಲ್ಲಿ ಅನೇಕರು ನಡೆಸತೊಡಗಿದರು. ನಿನ್ನೆಯವರೆಗೆ ರಾಶಿಯಲ್ಲಿ ಕೈಹಾಕುತ್ತಿದ್ದವರು ಇಂದು ಕೇಂದ್ರದ ಲೆಕ್ಕ ಬರೆಯುವ, ನಾಲ್ಕು ಜನಕ್ಕೆ ಕೆಲಸ ಕೊಡುವ ಸ್ಥಾನಕ್ಕೆ ಬಂದರು. ಪುಣೆಯಲ್ಲಿ 1993ರಲ್ಲಿ ಕಟ್ಟಿದ ಚಿಂದಿ ಆಯುವವರ ಸಂಘದಿಂದ ಹುಟ್ಟಿದ ಸ್ವಚ್ಛ್ ಸಹಕಾರ ಸಂಘ 2008ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಕ್ಕೆ ಇಳಿದಿತ್ತು. ದೊಡ್ಡ ಗುತ್ತಿಗೆದಾರರಿಗೆ ಲಾರಿ ಲೆಕ್ಕದಲ್ಲಿ ಹಣ ಕೊಡುವ ವ್ಯವಸ್ಥೆಗಿಂತ ಇದು ನಗರಕ್ಕೂ ಮೇಲು, ಕಸ ಆಯುವವರಿಗೂ ಮೇಲು.

ಕಾಗದ ಕೇಳದೆ ಕೊಡುವ ಸೇವೆಗಳೂ ಇವೆ. 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಯಾವ ಊರು, ಯಾವ ಜಾತಿ, ಯಾವ ಕಾರ್ಡ್ ಎಂದು ಯಾರೂ ಕೇಳುವುದಿಲ್ಲ. ಆಟೊ ಚಾಲಕ, ಪೌರಕಾರ್ಮಿಕರು, ಪರೀಕ್ಷೆಗೆ ಓದುವ ಹಳ್ಳಿಯ ಹುಡುಗ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಂಗಸರ ಬಸ್ ಖರ್ಚನ್ನು ಇಲ್ಲವಾಗಿಸಿತು. ಮನೆಗೆಲಸದ, ಗಾರ್ಮೆಂಟ್ಸ್ ಕೆಲಸದ ಸಾವಿರಾರು ಹೆಂಗಸರಿಗೆ ಅದು ತಿಂಗಳ ಸಂಬಳ ಹೆಚ್ಚಿದಷ್ಟೇ ಸಮ. ಆದರೆ ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಬೇರೆ ರಾಜ್ಯದಿಂದ ಬಂದು ಇಲ್ಲೇ ದುಡಿಯುವ ಹೆಂಗಸು ಟಿಕೆಟ್ ಕೊಳ್ಳಬೇಕು. 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನಗರದ ಅತಿ ದೊಡ್ಡ ಸಾರಿಗೆ ಹೂಡಿಕೆ ಹಾಗೆ ದಿನಗೂಲಿಯವರ ಕೈಗೆ ಇನ್ನಷ್ಟು ಎಟುಕದಂತಾಯಿತು. ಬಡವರ ವಾಹನ ಇವತ್ತಿಗೂ ಬಸ್ಸು ಮತ್ತು ಕಾಲು. ಹಾಗಾಗಿ ಹೆಚ್ಚು ಬಸ್ಸು, ನಡೆಯಲಾಗುವ ಫುಟ್‌ಪಾತ್ ಇವೇ ಅವರ ಪಾಲಿನ ಸಾರಿಗೆ ಅಭಿವೃದ್ಧಿ.

ಬಡವರಲ್ಲೂ ಬಡವರು ಇರುತ್ತಾರೆ. ಸೂರೇ ಇಲ್ಲದವರಿಗಾಗಿ, ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿ ಉಳಿಯಬಹುದಾದ ಆಶ್ರಯ ಕೇಂದ್ರಗಳಿರಬೇಕೆಂದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಹೇಳಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾಮಗಾರಿ ಸ್ಥಳದಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಕಂಬಿಗಳ ನಡುವೆ ಮರಳಿನ ಗುಡ್ಡೆಯ ಮೇಲೆ ಆಡುವ ಮಕ್ಕಳು ಅದು ಎಷ್ಟು ಪಾಲನೆಯಾಯಿತು ಎಂಬುದನ್ನು ಹೇಳುತ್ತಾರೆ. ಹಳ್ಳಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆ ರಾಜ್ಯ ಸರ್ಕಾರ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದೆ. ನಗರದ ವಾರ್ಡುಗಳಿಗೂ ಅದು ಬೇಕು. ತಗಡು ಮತ್ತು ಪ್ಲಾಸ್ಟಿಕ್ ಸೂರಿನ ಕೆಳಗೆ ಬೇಸಿಗೆ ಕಳೆಯುವ ಬಾಣಂತಿ, ಪಾರ್ಶ್ವವಾಯು ಹೊಡೆದು ಮಲಗಿದ ಮುದುಕ, ಗಾಲಿಕುರ್ಚಿಯವರು, ಲಿಂಗತ್ವ ಅಲ್ಪಸಂಖ್ಯಾತರು, ಇವರಲ್ಲಿ ಪ್ರತಿಯೊಬ್ಬರಿಗೂ ನಗರ ಬೇರೆ ಬೇರೆ ಕಡೆ ಅಡ್ಡ ನಿಲ್ಲುತ್ತದೆ. ಅದನ್ನು ತಿಳಿಯಲು ಅವರನ್ನು ಕೇಳುವುದಲ್ಲದೆ ಬೇರೆ ಉಪಾಯವಿಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲಿಡಬೇಕು. ಈ ಮೂರನ್ನೂ ಕೂಡಿಸಿದರೆ ಮೂರನೇ ಒಂದು ಪಾಲಿಗೂ ಮಿಗಿಲು. ಅದು ಹೊಲಿಗೆ ಯಂತ್ರ, ಲ್ಯಾಪ್‌ಟಾಪ್ ಎಂದು ಚೂರುಚೂರಾಗಿ ಹಂಚಿಹೋದರೆ ಗಲ್ಲಿಯ ಬದುಕು ಬದಲಾಗುವುದಿಲ್ಲ. ಒಂದು ಕೊಳೆಗೇರಿಗೆ ನೀರು, ಒಳಚರಂಡಿ, ದೀಪ, ಅಂಗನವಾಡಿ ಎಲ್ಲವನ್ನೂ ಒಟ್ಟಿಗೆ ಮುಗಿಸಿ ಮುಂದಿನದಕ್ಕೆ ಹೋದರೆ ಬದಲಾಗುತ್ತದೆ.

ಅದನ್ನು ನಿರ್ಧರಿಸುವವರು ಯಾರು ಎನ್ನುವುದು ಕೊನೆಯ ಮಾತು. ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆ, ದುರ್ಬಲ ವರ್ಗಗಳ ಹಿತರಕ್ಷಣೆ, ಈ ಮೂರನ್ನೂ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತದ ಪಟ್ಟಿಗೆ ಸೇರಿಸಿ ಮೂರು ದಶಕ ಕಳೆದಿದೆ. ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಉಳ್ಳವರಿಗೆ ಅಧಿಕಾರಿಯ ಫೋನ್ ನಂಬರ್ ಗೊತ್ತಿರುತ್ತದೆ, ಕೊಳೆಗೇರಿಯವರಿಗೆ ಗೊತ್ತಿರುವುದು ಕಾರ್ಪೊರೇಟರ್ ಮನೆ. ಆ ಬಾಗಿಲೇ ಇಲ್ಲವಾದಾಗ ಅವರಿಗೆ ಆದ ನಷ್ಟ ದೊಡ್ಡದು. 2025ರಲ್ಲಿ ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿಯಾಗಿ ನಗರ ಐದು ಪಾಲಿಕೆಗಳಾಗಿದೆ. ಹೊಸ ಪಾಲಿಕೆಗಳು ಮೊದಲ ವರ್ಷದಲ್ಲೇ ಮಾಡಬಹುದಾದ ಕೆಲಸಗಳಿವೆ. ಘೋಷಣೆಯಾಗದ ಕೊಳೆಗೇರಿಗಳನ್ನೂ ನೀಲಿ ಶೀಟಿನ ಗುಡಿಸಲುಗಳನ್ನೂ ನಿವಾಸಿಗಳ ಜೊತೆ ಕೂತು ನಕ್ಷೆಗೆ ತರುವುದು. ಆ ನಕ್ಷೆ ಮುಗಿಯುವ ತನಕ, ಪರ್ಯಾಯ ನೆಲೆ ಹತ್ತಿರದಲ್ಲೇ ಸಿದ್ಧವಾಗುವ ತನಕ ಯಾರನ್ನೂ ಎಬ್ಬಿಸುವುದಿಲ್ಲ ಎಂದು ಕೌನ್ಸಿಲ್‌ನಲ್ಲಿ ನಿರ್ಣಯ ಮಾಡುವುದು. ನೀರು, ಶೌಚಾಲಯ, ಕರೆಂಟಿಗೆ ವಾಸದ ಪುರಾವೆಯನ್ನಷ್ಟೇ ಕೇಳುವುದು, ಬಾಡಿಗೆಯವರನ್ನೂ ಫಲಾನುಭವಿ ಪಟ್ಟಿಗೆ ಸೇರಿಸುವುದು. ವಾರ್ಡ್ ಸಮಿತಿಯಲ್ಲಿ ಕೊಳೆಗೇರಿಯ ಹೆಂಗಸರಿಗೆ, ಬೀದಿ ವ್ಯಾಪಾರಿಗಳಿಗೆ, ಪೌರಕಾರ್ಮಿಕರಿಗೆ ಕುರ್ಚಿ ಮೀಸಲಿಟ್ಟು, ಅವರು ಕೆಲಸ ಮುಗಿಸಿ ಬರಲಾಗುವ ಹೊತ್ತಿಗೆ ಸಭೆ ಕರೆಯುವುದು. ಇವುಗಳಲ್ಲಿ ಬಹುಪಾಲಿಗೆ ಹೊಸ ಕಾನೂನೂ ಬೇಕಿಲ್ಲ, ಹೊಸ ಸಾಲವೂ ಬೇಕಿಲ್ಲ.